ಮಡಿಕೇರಿಯಲ್ಲಿ ಊರವರೆಲ್ಲ ಸೇರಿ ಅಕ್ಟೋಬರ್‌ನಲ್ಲಿ ಗಿಡ ನೆಟ್ಟರೆ ಉಳಿಯುತ್ತವಾ?

ಉಳಿಯುತ್ತವೆ, ಆದರೆ ಎಲ್ಲವೂ ಅಲ್ಲ. ನೇರಳೆ, ಹಲಸಿನಂಥ ಮರದ ಸಸಿ ನೆಡಲು ಜೂನ್-ಜುಲೈಯೇ ಸರಿ. ಈಗ ನೆಟ್ಟರೆ ಬೇರು ಗಟ್ಟಿಯಾಗುವ ಮೊದಲೇ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳು ಬರುತ್ತವೆ, ಆಗ ನೀರು ಹಾಕುವವರು ಯಾರು? ನೆಡುವ ದಿನ ಮೂವತ್ತು ಜನ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ, ಜನವರಿಗೆ ಕೊಡ ಹಿಡಿದು ಬರುವವರು ಇಬ್ಬರೇ (ನಮ್ಮ ಬೀದಿಯ ಅನುಭವ).

ಅದಕ್ಕೇ ಕಾವೇರಿ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ ನಡುವೆ, ಮಳೆ ಇಳಿದ ಮೇಲೆ ಚೆಂಡು ಹೂ, ಬೀನ್ಸ್, ಮೂಲಂಗಿ, ಕೊತ್ತಂಬರಿ, ಎಲೆಕೋಸು ಹಾಕಿ. ಹಿಂಗಾರಿನ ಒಂದೆರಡು ಮಳೆ ಸಿಕ್ಕರೆ ಲಾಭವೇ.

ಮಣ್ಣಿನ ಕಡೆ ಜಾಸ್ತಿ ಗಮನ ಕೊಡಿ. ಮುಂಗಾರಿನ ಜಡಿಮಳೆಗೆ ಸಾರವೆಲ್ಲ ಕೊಚ್ಚಿಹೋಗಿ ನಮ್ಮ ಮಣ್ಣು ಹುಳಿಯಾಗಿರುತ್ತದೆ, ಕಾಫಿ ತೋಟದವರು ಸುಣ್ಣ ಹಾಕುವುದು ಅದಕ್ಕೇ ಅಲ್ವಾ. ನೀವೂ ಮಣ್ಣು ಪರೀಕ್ಷೆ ಮಾಡಿಸಿ, ಬೇಕಿದ್ದರೆ ಎರಡು ವಾರ ಮೊದಲೇ ಸುಣ್ಣ ಬೆರೆಸಿ. ಗೊಬ್ಬರ ಆಮೇಲೆ, ಎರಡನ್ನೂ ಒಟ್ಟಿಗೆ ಹಾಕಬೇಡಿ. ಬುಡಕ್ಕೆ ತರಗೆಲೆ ಹೊದಿಸಿದರೆ ತೇವ ನಿಲ್ಲುತ್ತದೆ, ಆದರೆ ಅದರಡಿ ಬಸವನಹುಳು ಸೇರುತ್ತವೆ, ಸಂಜೆ ಮಕ್ಕಳಿಗೆ ಗ್ಲೌಸ್ ಕೊಟ್ಟು ಆರಿಸಲು ಬಿಡಿ. ಆನೆ ಓಡಾಡುವ ಜಾಗವಾದರೆ ಬಾಳೆ ಮಾತ್ರ ಬೇಡವೇ ಬೇಡ.