ಪ್ಲಟೂನಿಗೆ ಸಣ್ಣ ಮಾರ್ಟರ್ ಏಕೆ ಬೇಕು

ಫಿರಂಗಿದಳ ಬೆಂಬಲಕ್ಕಿರುವಾಗಲೂ ಕಾಲಾಳುಗಳ ಪ್ಲಟೂನು (ಸೈನಿಕರ ಸಣ್ಣ ತುಕಡಿ) ಸಣ್ಣ ಮಾರ್ಟರನ್ನು, ಅಂದರೆ ಬಾಂಬನ್ನು ಎತ್ತರಕ್ಕೆ ಹಾರಿಸುವ ಗಿಡ್ಡ ನಳಿಗೆಯ ಆಯುಧವನ್ನು, ಏಕೆ ಹೊತ್ತೊಯ್ಯಬೇಕು ಎಂದು ಮಂಡ್ಯದಿಂದ ಕೇಳಿದ್ದೀರಿ. ನಿಮ್ಮ ವಿಶ್ವೇಶ್ವರಯ್ಯ ನಾಲೆಯ ಏರಿಯ ಹಿಂದೆ ಶತ್ರು ಅಡಗಿದ್ದರೆ ರೈಫಲ್ಲಿನ ಗುಂಡು ಏರಿಯ ಮಣ್ಣಿಗೆ ಬಡಿಯುತ್ತದೆ, ಇಲ್ಲವೇ ಅವನ ತಲೆಯ ಮೇಲೆ ಹಾದುಹೋಗುತ್ತದೆ. ಆದರೆ 45 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ಹಾರಿದ ಮಾರ್ಟರ್ ಬಾಂಬು ಕಡಿದಾಗಿ ಇಳಿದು ಏರಿಯ ಆಚೆ ಬದಿಗೇ ಬೀಳುತ್ತದೆ. ಫಿರಂಗಿದಳದ ಹೋವಿಟ್ಜರ್ ತೋಪು ಕೂಡ ಇದನ್ನು ಮಾಡಬಲ್ಲದು, ಆದರೆ ಅದನ್ನು ರೇಡಿಯೋದಲ್ಲಿ ಕೇಳಿ ಪಡೆಯಬೇಕು, ಮೇಲಾಗಿ ನಮ್ಮವರ ತೀರಾ ಸಮೀಪದಲ್ಲಿ ಅದರ ಶೆಲ್ ಬೀಳಿಸುವುದು ಅಪಾಯಕರ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಭಾರತೀಯ ಪ್ಲಟೂನುಗಳು ಒಯ್ದ 2 ಇಂಚಿನ ಮಾರ್ಟರ್ ಸುಮಾರು 5 ಕಿಲೋ ತೂಗುತ್ತಿತ್ತು ಮತ್ತು ಸುಮಾರು ಒಂದು ಕಿಲೋ ತೂಕದ ಬಾಂಬನ್ನು 450 ಮೀಟರಿನಷ್ಟು ದೂರ ಎಸೆಯುತ್ತಿತ್ತು. ಬಾಂಬನ್ನು ನಳಿಗೆಯೊಳಗೆ ಇಳಿಬಿಟ್ಟು, ಬುಡದಲ್ಲಿದ್ದ ಟ್ರಿಗರ್ ಎಳೆದು ಅದನ್ನು ಹಾರಿಸುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಅದರ ಸ್ಫೋಟಕಕ್ಕಿಂತ ಹೊಗೆ ಬಾಂಬೇ ಹೆಚ್ಚು ಜೀವ ಉಳಿಸುವಂಥದ್ದು, ಏಕೆಂದರೆ ಬಯಲು ದಾಟುವ ಸೈನಿಕರಿಗೆ ಅದು ತಕ್ಷಣವೇ ಮರೆ ಒದಗಿಸುತ್ತದೆ.

ಮಿತಿಗಳೂ ಇವೆ: ನೀರು ನಿಂತ ಗದ್ದೆಯಲ್ಲಿ ಮಾರ್ಟರಿನ ತಳಹಲಗೆ ಹೂತುಹೋಗುತ್ತದೆ, ಸಿಡಿಯುವ ಚೂರುಗಳನ್ನು ಕೆಸರೇ ನುಂಗುತ್ತದೆ, ಮತ್ತು ಬೆನ್ನಿಗೆ ನಿಜವಾದ ಭಾರ ನಳಿಗೆಯದಲ್ಲ, ಬಾಂಬುಗಳದು.