ಊರಿನ ನಾಯಿಗೆ ಗಂಟು ಬಂದಿದೆ ಎಂದ ತಮ್ಮನಿಗೆ

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಇಂಗ್ಲೆಂಡಿಗೆ ಬಂದು ಐದು ತಿಂಗಳಾಗಿದೆ ಅಂದೆ. ಸಾಗರದ ಮನೆಯಲ್ಲಿ ಬಿಟ್ಟು ಬಂದ ಒಂಬತ್ತು ವರ್ಷದ ನಾಯಿಗೆ ಕುತ್ತಿಗೆಯಲ್ಲಿ ಗಂಟು, ಕ್ಯಾನ್ಸರ್ ಇರಬಹುದು ಅಂತ ಡಾಕ್ಟರು ಹೇಳಿದ್ದಾರೆ. ಅಪ್ಪ "ವಯಸ್ಸಾಯ್ತು, ಬಿಡು" ಅಂತಾರೆ. ಇಲ್ಲಿಗೆ ಕರೆಸಿಕೊಂಡು ಚಿಕಿತ್ಸೆ ಕೊಡಿಸಲಾ, ಎಷ್ಟು ಖರ್ಚಾಗುತ್ತೆ ಅಂತ ಕೇಳಿದ್ದೀಯ.

ಕರೆಸಬೇಡ. ಭಾರತದಿಂದ ನಾಯಿ ತರಲು ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, 30 ದಿನ ಬಿಟ್ಟು ರಕ್ತ ಪರೀಕ್ಷೆ, ರಕ್ತ ತೆಗೆದ ಮೇಲೆ ಮತ್ತೆ ಮೂರು ತಿಂಗಳು ಕಾಯಬೇಕು. ಗಂಟು ಲಿಂಫೋಮಾ ಅನ್ನುವ ಕ್ಯಾನ್ಸರ್ ಆಗಿದ್ದರೆ, ಚಿಕಿತ್ಸೆಯಿಲ್ಲದೆ ನಾಯಿ ಅಷ್ಟು ದಿನ ಉಳಿಯುವುದೇ ಕಷ್ಟ. ಸಾಮಾನ್ಯವಾಗಿ ಒಂದೆರಡು ತಿಂಗಳು ಅಷ್ಟೆ. ಮತ್ತೆ ಇಲ್ಲಿ ನಮಗೆ ಎನ್‌ಎಚ್‌ಎಸ್ ಅಂತ ಸರ್ಕಾರಿ ಆಸ್ಪತ್ರೆ ವ್ಯವಸ್ಥೆ ಇದೆ, ನಾಯಿಗಿಲ್ಲ. ಕ್ಯಾನ್ಸರಿಗೆ ಕೊಡುವ ಕೀಮೋ ಅಂದರೆ ಸಾವಿರಾರು ಪೌಂಡ್, ಬಿಲ್ಲಿನಲ್ಲಿ 20% ವ್ಯಾಟ್ ತೆರಿಗೆ. ಮೊದಲೇ ಇದ್ದ ಕಾಯಿಲೆಗೆ ಇನ್ಶೂರೆನ್ಸ್‌ನವರು ದುಡ್ಡು ಕೊಡುವುದಿಲ್ಲ.

ಮೊದಲು ಅದು ಏನು ಗಂಟು ಅಂತ ಗೊತ್ತಾಗಲಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ರಾಜು ಅಂತ ನಾಯಿ ಇದ್ದ. ಬಿಳಿ ಎದೆ, ಕಂದು ಬೆನ್ನು. ಅವನ ದವಡೆಯ ಕೆಳಗೆ ಎರಡೂ ಕಡೆ ಹಲಸಿನ ಬೀಜದಷ್ಟು ಗಂಟು ಬಂತು. ಮುಟ್ಟಿದರೆ ನೋವಿಲ್ಲ. ಮೊದಲು ನೋಡಿದ ಡಾಕ್ಟರು ಉಣುಗಿನ ಜ್ವರ ಅಂದರು. ನಮ್ಮ ಕಡೆ ನಾಯಿ ಮೈಮೇಲೆ ಉಣುಗು ಇಲ್ಲದ ದಿನ ಯಾವುದು, ಅಲ್ವಾ? ಆ ಜ್ವರಕ್ಕೂ ಹೀಗೇ ಗಂಟು ಊದಿಕೊಳ್ಳುತ್ತದೆ, ಆದ್ದರಿಂದ ಅವರ ಅಂದಾಜು ತಪ್ಪು ಅನ್ನಲಾರೆ. ಆದರೆ ಪರೀಕ್ಷೆ ಮಾಡಿಸದೆ ಮೂರು ವಾರ ಮಾತ್ರೆಯಲ್ಲೇ ಕಳೆದವು. ಅಷ್ಟರಲ್ಲಿ ಹಿಂಗಾಲಿನ ಮಂಡಿಯ ಹಿಂದೆಯೂ ಗಂಟು ಎದ್ದಿತ್ತು.

ಆಮೇಲೆ ನಮ್ಮಪ್ಪ ಅವನನ್ನು ಶಿವಮೊಗ್ಗದ ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದರು. ಗಂಟಿಗೆ ಸೂಜಿ ಚುಚ್ಚಿ ಸ್ವಲ್ಪ ತೆಗೆದು, ಸ್ಲೈಡಿಗೆ ಸವರಿ ನೋಡಿದರು. ಲಿಂಫೋಮಾ. ನೀನೂ ಅಪ್ಪನಿಗೆ ಅಲ್ಲಿಗೇ ಹೋಗಲು ಹೇಳು. ಸಾಗರದಿಂದ ಸುಮಾರು 70 ಕಿಲೋಮೀಟರ್. ಒಂದು ಮಾತು: ರಿಪೋರ್ಟ್ ಬರುವ ಮೊದಲು ಯಾರಾದರೂ ಸ್ಟೀರಾಯ್ಡ್ ಕೊಡಲು ಬಂದರೆ, ಕೀಮೋ ಮಾಡಿಸುವ ಯೋಚನೆ ಇದೆ ಅಂತ ಮೊದಲೇ ಹೇಳಲಿ. ಸ್ಟೀರಾಯ್ಡ್‌ಗೆ ಗಂಟು ಬೇಗ ಇಳಿಯುತ್ತದೆ, ನಮಗೂ ಖುಷಿಯಾಗುತ್ತದೆ. ಆದರೆ ಆಮೇಲೆ ಕೀಮೋ ಸರಿಯಾಗಿ ಹಿಡಿಯುವುದಿಲ್ಲ.

ಇದು ಪೂರ್ತಿ ವಾಸಿ ಮಾಡುವ ಚಿಕಿತ್ಸೆ ಅಲ್ಲ. ಪೂರ್ತಿ ಕೀಮೋ ಕೊಟ್ಟರೂ ಹೆಚ್ಚಿನ ನಾಯಿಗಳಿಗೆ ಸಿಗುವುದು ಸುಮಾರು ಒಂದು ವರ್ಷ. ಆದರೆ ಮನುಷ್ಯರ ಕೀಮೋದಷ್ಟು ಸುಸ್ತು ಅವಕ್ಕೆ ಆಗುವುದಿಲ್ಲ. ರಾಜು ಇಂಜೆಕ್ಷನ್ ಆದ ಮಾರನೇ ದಿನ ಮಂಕಾಗಿರುತ್ತಿದ್ದ, ಮೂರನೇ ದಿನ ತೋಟದಲ್ಲಿ ಮಂಗ ಓಡಿಸುತ್ತಿದ್ದ. ವಾರಕ್ಕೊಮ್ಮೆ ಅಪ್ಪನ ಜೊತೆ ಜೀಪಿನಲ್ಲಿ ಪ್ರಯಾಣ. ಸಕ್ರೆಬೈಲು ಆನೆ ಬಿಡಾರದ ಹತ್ತಿರ ಬಂದ ಕೂಡಲೇ ಆನೆ ವಾಸನೆಗೆ ಎದ್ದು ನಿಂತು, ಕಿಟಕಿಗೆ ಮೂಗು ಒತ್ತಿ, ಗಾಜನೂರು ದಾಟುವ ತನಕ ಹಾಗೇ ಇರುತ್ತಿದ್ದನಂತೆ. ಅಪ್ಪ ಅದನ್ನು ವಿಡಿಯೋ ಮಾಡಿ ಕಳಿಸುತ್ತಿದ್ದರು. ಗಾಜಿನ ಮೇಲೆ ಮೂಗಿನ ಒದ್ದೆ ಗುರುತು ಕಾಣುತ್ತಿತ್ತು.

ನಾಲ್ಕು ತಿಂಗಳಿಗೆ ನಮಗೆ 38,000 ರೂಪಾಯಿ ಆಯಿತು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬರೀ ಡೀಸೆಲ್ಲಿಗೆ. ನಾನು ಇಲ್ಲಿಂದ ತಿಂಗಳು ತಿಂಗಳು ಕಳಿಸಿದೆ. ನೀನು ಹೊಸಬ, ಮನೆ ಬಾಡಿಗೆ, ವೀಸಾ ಖರ್ಚು ಎಲ್ಲ ಇರುತ್ತೆ. ಇಷ್ಟು ಕಳಿಸಬಲ್ಲೆ ಅಂತ ಈಗಲೇ ಅಪ್ಪನಿಗೆ ಹೇಳಿಬಿಡು. ಸಾಲ ಮಾಡಬೇಡ. ಕೀಮೋ ಆಗದಿದ್ದರೆ ಸ್ಟೀರಾಯ್ಡ್ ಮಾತ್ರೆ ಒಂದನ್ನೇ ಕೊಟ್ಟು, ಇರುವಷ್ಟು ದಿನ ಆರಾಮಾಗಿ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಅದಕ್ಕೆ ಖರ್ಚು ತೀರಾ ಕಡಿಮೆ. ಹಾಗೆ ಮಾಡಿದರೆ ನಾಯಿಗೆ ಮೋಸ ಮಾಡಿದೆ ಅಂತ ಅಂದುಕೊಳ್ಳಬೇಡ. ನಿನ್ನ ಅಪ್ಪನ ಮೇಲೂ ಸಿಟ್ಟಾಗಬೇಡ. ದಿನಾ ಅನ್ನ ಹಾಕಿ, ರಾತ್ರಿ ಎದ್ದು ನೋಡುವವರು ಅವರು.

ರಾಜುವಿಗೆ ಗಂಟು ಮತ್ತೆ ಬಂದಾಗ ನಾನು ತಪ್ಪು ಮಾಡಿದೆ. ನಮ್ಮಪ್ಪ ಫೋನಿನಲ್ಲಿ "ಇನ್ನು ಸಾಕು ಅನ್ಸುತ್ತೆ ಮಗಾ, ಜೀಪ್ ಹತ್ತಲ್ಲ ಅಂತಾನೆ" ಅಂದರು. ನಾನು "ಇನ್ನೊಂದು ಇಂಜೆಕ್ಷನ್ ನೋಡೋಣ" ಅಂತ ದುಡ್ಡು ಹಾಕಿದೆ. ಹೋಗಲು ರಜೆ ಕೇಳಲಿಲ್ಲ. ನಾಯಿಗೋಸ್ಕರ ರಜೆ ಅಂದರೆ ಏನಂದುಕೊಳ್ಳುತ್ತಾರೋ ಅಂತ ಸಂಕೋಚ. ಹನ್ನೊಂದು ದಿನದ ನಂತರ ಜಗಲಿಯ ಗೋಣಿಚೀಲದ ಮೇಲೆ ಮಲಗಿದ್ದಲ್ಲೇ ಹೋದ. ನಾನು ಫೋನಿನಲ್ಲಿ ನೋಡಿದೆ. ನನ್ನ ದನಿ ಕೇಳಿ ಒಂದು ಕಿವಿ ಎತ್ತಿದ, ಅಷ್ಟೆ. ಅಪ್ಪ ತೋಟದ ಅಂಚಿನ ಹಲಸಿನ ಬುಡದಲ್ಲಿ ಮಣ್ಣು ಮಾಡಿದರು. ಪಕ್ಕದ ಮನೆಯವರು ಗುದ್ದಲಿ ಹಿಡಿದುಕೊಂಡು ತಾವಾಗೇ ಬಂದರಂತೆ. ಇಲ್ಲಿ ನಾನು ಮಾರನೇ ದಿನ ಕೆಲಸಕ್ಕೆ ಹೋಗಿ, ಯಾರಿಗೂ ಹೇಳದೆ ಟಾಯ್ಲೆಟ್ಟಿನಲ್ಲಿ ಅತ್ತೆ.

ಅದಕ್ಕೇ ಹೇಳುತ್ತಿದ್ದೇನೆ ತಮ್ಮಾ, ನಿನಗೆ ರಜೆ ಇದ್ದರೆ, ಟಿಕೆಟ್ಟಿಗೆ ದುಡ್ಡು ಹೊಂದಿದರೆ, ಅದು ಓಡಾಡಿಕೊಂಡಿರುವಾಗಲೇ ಹೋಗು. ಹೋಗಲು ಆಗದಿದ್ದರೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ ಅದರ ಹೆಸರು ಹಿಡಿದು ಕರಿ. ಇವತ್ತು ಅಪ್ಪನಿಗೆ ಹೇಳು, ದವಡೆ ಕೆಳಗೆ, ಭುಜದ ಮುಂದೆ, ಹಿಂಗಾಲ ಮಂಡಿಯ ಹಿಂದೆ ಮುಟ್ಟಿ ನೋಡಲಿ, ಬೇರೆ ಕಡೆಯೂ ಗಂಟು ಇದೆಯಾ ಅಂತ. ಸ್ಲೈಡಿನ ರಿಪೋರ್ಟ್ ಬಂದ ಮೇಲೆ ನನಗೆ ಬರಿ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.