ಚಿಕಿತ್ಸೆಯಲ್ಲಿ ಸಾಯದೆ ಮುಪ್ಪಾಗುವ ಕ್ಯಾನ್ಸರ್ ಕೋಶ

ಪ್ರಶ್ನೆ: ನಾವು ಶಿರಸಿ ಸೀಮೆಯ ಅಡಿಕೆ ಬೆಳೆಗಾರರು. ನಲವತ್ತು ವರ್ಷ ಕವಳ (ಎಲೆಅಡಿಕೆ) ಹಾಕಿದ ಅಪ್ಪನಿಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಆಗಿದ್ದು, ಸಿಸ್ಪ್ಲಾಟಿನ್ ಎಂಬ ಕಿಮೋಥೆರಪಿ ಔಷಧದ ಜೊತೆಗೆ ವಿಕಿರಣ ಚಿಕಿತ್ಸೆ ನಡೆಯುತ್ತಿದೆ. ಚಿಕಿತ್ಸೆಯಿಂದ ಕೆಲವು ಕ್ಯಾನ್ಸರ್ ಕೋಶಗಳು ಸಾಯದೆ ಮುಪ್ಪಾಗುತ್ತವೆ ಎಂದು ಓದಿದೆ. ಅವು ಮರಳಿ ಬೆಳೆಯುವುದಿಲ್ಲವೇ? ಮುದಿ ಕೋಶಗಳನ್ನು ತೆಗೆಯುತ್ತದೆಂದು ಮಾರುವ ಕ್ವೆರ್ಸೆಟಿನ್ ಮಾತ್ರೆಯನ್ನು ಕೊಡಬಹುದೇ?

ಉತ್ತರ: ಮಾತ್ರೆಯನ್ನು ಕೊಡಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕೋಶದ ಮುಪ್ಪೆಂದರೆ ಕೋಶವು ಜೀವಂತವಾಗಿದ್ದೂ ವಿಭಜನೆಯನ್ನು ನಿಲ್ಲಿಸಿಬಿಡುವ ಸ್ಥಿತಿ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು 50 ಬಾರಿ ಇಮ್ಮಡಿಯಾದ ಮೇಲೆ ಹೀಗೆ ನಿಲ್ಲುತ್ತವೆಂದು ಹೇಫ್ಲಿಕ್ ಮತ್ತು ಮೂರ್‌ಹೆಡ್ ಎಂಬ ವಿಜ್ಞಾನಿಗಳು 1961ರಲ್ಲಿ ತೋರಿಸಿದರು. ಡಿಎನ್‌ಎಗೆ ದೊಡ್ಡ ಹಾನಿಯಾದಾಗಲೂ ಪಿ53, ಪಿ16 ಎಂಬ ಪ್ರೋಟೀನುಗಳು ಇದೇ ತಡೆಯನ್ನು ಒಡ್ಡುತ್ತವೆ. ಕೆಟ್ಟ ಕೋಶ ಹೆಚ್ಚದಂತೆ ದೇಹ ತಾನೇ ಹಾಕಿಕೊಂಡ ಒಡ್ಡು ಇದು. ಸಿಸ್ಪ್ಲಾಟಿನ್ ಮತ್ತು ವಿಕಿರಣ ಎರಡೂ ಡಿಎನ್‌ಎಯನ್ನೇ ಘಾಸಿಗೊಳಿಸುವುದರಿಂದ ಹಲವು ಕ್ಯಾನ್ಸರ್ ಕೋಶಗಳು ಸಾಯುತ್ತವೆ, ಕೆಲವು ಮುಪ್ಪಾಗಿ ಉಳಿಯುತ್ತವೆ.

ಬೆಳವಣಿಗೆ ನಿಂತದ್ದು ಒಳ್ಳೆಯದೇ. ಆದರೆ ಮುದಿ ಕೋಶ ಸುಮ್ಮನಿರುವುದಿಲ್ಲ: ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಅದು ಸುತ್ತಲೂ ಸ್ರವಿಸುತ್ತದೆ. ಆ ಕರೆಗೆ ಬಂದ ರೋಗನಿರೋಧಕ ಕೋಶಗಳು ಬೇಗನೆ ಅದನ್ನು ತೆರವುಗೊಳಿಸಿದರೆ ಲಾಭ; ಬಹುಕಾಲ ಉಳಿದರೆ ಅದೇ ಉರಿಯೂತ ನೆರೆಯ ಕ್ಯಾನ್ಸರ್ ಕೋಶಗಳಿಗೆ ಗೊಬ್ಬರವಾಗಬಲ್ಲದು. ಅಲ್ಲದೆ, ಕೆಲವು ಕ್ಯಾನ್ಸರ್ ಕೋಶಗಳು ಈ ಸ್ಥಿತಿಯಿಂದ ತಪ್ಪಿಸಿಕೊಂಡು ಮತ್ತೆ ವಿಭಜನೆಗೆ ತೊಡಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಚಿಕಿತ್ಸೆ ಮುಗಿದ ಮೇಲೂ ವರ್ಷಗಟ್ಟಲೆ ತಪಾಸಣೆಗೆ ಬರಹೇಳುವುದು ರೋಗ ಮರುಕಳಿಸೀತೆಂಬ ಭಯದಿಂದ.

ಮುದಿ ಕೋಶಗಳನ್ನು ತೆಗೆಯುವ ಆಸೆ ಆಧಾರವಿಲ್ಲದ್ದಲ್ಲ. 2017ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ, ಕಿಮೋಥೆರಪಿಯಿಂದ ಮುಪ್ಪಾದ ಕೋಶಗಳನ್ನು ತೆಗೆದಾಗ ಅಡ್ಡಪರಿಣಾಮಗಳೂ ರೋಗದ ಮರುಕಳಿಕೆಯೂ ತಗ್ಗಿದವು. ಆದರೆ ಬಾಯಿಯ ಕ್ಯಾನ್ಸರಿನ ರೋಗಿಗಳಲ್ಲಿ ಕ್ವೆರ್ಸೆಟಿನ್ ಈ ಕೆಲಸ ಮಾಡುತ್ತದೆಂದು ಸಾಬೀತಾಗಿಲ್ಲ. ಅದು ಉತ್ಕರ್ಷಣ ನಿರೋಧಕವೂ (ಆಂಟಿಆಕ್ಸಿಡೆಂಟ್), ಅಂದರೆ ಕೋಶಕ್ಕಾಗುವ ಹಾನಿಯನ್ನು ತಡೆಯುವಂಥದ್ದೂ ಹೌದು; ವಿಕಿರಣ ನಡೆಯುವಾಗ ಇಂಥವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಕ್ಯಾನ್ಸರ್ ಕೋಶಕ್ಕೇ ರಕ್ಷಣೆ ದೊರೆಯುವ ಆತಂಕವಿದೆ. ಈಗಾಗಲೇ ಕೊಟ್ಟಿದ್ದರೆ ನಿಮ್ಮ ವೈದ್ಯರಿಗೆ ಮುಚ್ಚಿಡದೆ ತಿಳಿಸಿ.

ಅಡಿಕೆಯೇ ಅನ್ನ ಕೊಡುವ ಸೀಮೆಯಲ್ಲಿ ಹೇಳಲು ಕಷ್ಟವಾದರೂ ಒಂದು ಮಾತನ್ನು ಬಿಡಲಾರೆ. ಹೊಗೆಸೊಪ್ಪಿಲ್ಲದ ಕವಳಕ್ಕೆ ದೋಷವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಬರೀ ಅಡಿಕೆಯನ್ನು ಜಗಿಯುವುದೂ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಹೇಳಿದೆ. ಅಡಿಕೆಯಿಂದ ಬಾಯಿಯ ಒಳಪದರ ಗಡುಸಾಗುವ ಕಾಯಿಲೆಯಲ್ಲಿ ಮುಪ್ಪಾದ ಕೋಶಗಳು ಗುಂಪುಗೂಡಿರುವುದೂ ಕಂಡುಬಂದಿದೆ. ಆದ್ದರಿಂದ ಅಪ್ಪ ಕವಳವನ್ನು ಪೂರ್ತಿ ಬಿಡಲಿ. ಮನೆಯಲ್ಲಿ ಕವಳ ಹಾಕುವ ಬೇರೆಯವರಿಗೆ ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯಲಾಗದಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ಅಥವಾ ಮೂರು ವಾರವಾದರೂ ಮಾಯದ ಹುಣ್ಣಿದ್ದರೆ, ತಡಮಾಡದೆ ದಂತವೈದ್ಯರಿಗೆ ತೋರಿಸಿ.